ಸೀನುತ್ತಾ ಸಾಗಿದ ಸವಾರಿ

ಕ್ಯಾಲೆಂಡರಿನ ವಸಂತ ಋತುವಿಗೂ ರಾಯಚೂರು ಜಿಲ್ಲೆಗೂ ಅಷ್ಟಕ್ಕಷ್ಟೇ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋದರೆ, ಯುಗಾದಿಗೆ ಬೇವುಬೆಲ್ಲದ ಜೊತೆ ಬಿಸಿಲೂ ತಟ್ಟೆಗೆ ಬೀಳುತ್ತದೆ. ಈ ಎರಡು ಹಬ್ಬಗಳ ನಡುವೆ ಸಿಗುವ ನಾಲ್ಕಾರು ತಂಪು ಬೆಳಗುಗಳೇ ನಮ್ಮ ವಸಂತ. ಶಕ್ತಿನಗರದ ಬೈಕ್ ಪ್ರಿಯರು ಅವನ್ನು ಬಿಡುವುದುಂಟೇ?

ನಸುಕಿನ ಐದಕ್ಕೆ ಹೊರಡುವುದೆಂದು ತೀರ್ಮಾನವಾದರೆ ಆರೂವರೆಗೆ ಚಹಾದಂಗಡಿ ಮುಂದೆ ಎಲ್ಲರೂ ಸೇರುತ್ತಾರೆ. ಬುಲೆಟ್‌ನವ ಜಾಕೆಟ್, ಗ್ಲೌಸ್ ತೊಟ್ಟು ಯುದ್ಧಕ್ಕೆ ಹೊರಟವನಂತೆ ನಿಂತರೆ, ಸ್ಪ್ಲೆಂಡರ್‌ನವ ಮೈಲೇಜ್ ಲೆಕ್ಕ ಹೇಳಿ ಅವನ ಹೊಟ್ಟೆ ಉರಿಸುತ್ತಾನೆ. ದಾರಿ ತಪ್ಪುವ ಭಯವಿಲ್ಲ. 1720 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಬಲುದೂರದವರೆಗೂ "ಮನಿ ಈ ಕಡಿ ಐತಿ" ಎನ್ನುತ್ತಿರುತ್ತವೆ.

ಗಬ್ಬೂರು ದಾಟಿ ದೇವದುರ್ಗದ ಒಳದಾರಿ ಹಿಡಿದರೆ ಬೇವಿನ ಹೂವಿನ ಘಮ. ಆಹಾ ಎಂದು ಉಸಿರೆಳೆಯುವಷ್ಟರಲ್ಲಿ ಕಣದಲ್ಲಿ ಒಣಹಾಕಿದ ಕೆಂಪು ಮೆಣಸಿನಕಾಯಿ! ಮುಂದಿನವ ಶುರುಮಾಡಿದ ಸೀನು ಕೊನೆಯ ಬೈಕಿನವರೆಗೂ ತಪ್ಪದೆ ತಲುಪುತ್ತದೆ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಸೀನಿದವನ ಪಾಡು ಕೇಳಬೇಡಿ.

ಕಟ್ಟೆ ಮೇಲಿನ ಅಜ್ಜನ ವಿಚಾರಣೆ ಬೇರೆ.

"ಇಷ್ಟು ಮಂದಿ ಎಲ್ಲಿಗಿ ಹೊಂಟೀರಪ್ಪಾ? ಹೆಣ್ಣು ನೋಡಾಕೇನು?"

"ಇಲ್ಲಜ್ಜಾ, ಸುಮ್ನ ತಿರುಗಾಕ."

"ಅದಕ್ಯಾಕ ಪೆಟ್ರೋಲು? ನಮ್ಮೂರ ಹುಡುಗ್ರು ನಡಕೊಂತನ ತಿರುಗ್ತಾರ!"

ಮಾನ್ವಿ ಕಡೆ ಹೋಗಿ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಹಸಿರು ನೋಡುವ ಯೋಜನೆಯೂ ಇರುತ್ತದೆ. ಅಷ್ಟರಲ್ಲಿ ಹೋಟೆಲಿನವ ಬಿಸಿ ಒಗ್ಗರಣಿ, ಮಿರ್ಚಿ ತಂದಿಡುತ್ತಾನೆ. ಭತ್ತ ಎಲ್ಲಿಗೂ ಓಡಿಹೋಗುವುದಿಲ್ಲ. ಮಿರ್ಚಿ ಮಾತ್ರ ಆರಿಬಿಡುತ್ತದೆ.