ಏಳು ಕಿಲೋ ಸಂಸಾರ

ಒಂದೇ ಪುಟ್ಟ ಚೀಲ ಹೆಗಲಿಗೇರಿಸಿ ವಿಮಾನ ಹತ್ತುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾವೆಲ್ಲ ಬೆಲ್ಟಿನ ಮುಂದೆ ಬಾರದ ಸೂಟ್‌ಕೇಸಿಗಾಗಿ ಕಣ್ಣು ನೆಟ್ಟು ನಿಂತಿರುವಾಗ ಅವರು ಆಗಲೇ ಟ್ಯಾಕ್ಸಿಯಲ್ಲಿ ಕೂತಿರುತ್ತಾರೆ.

ದೇಶದೊಳಗಿನ ವಿಮಾನಗಳಲ್ಲಿ ಎಕಾನಮಿಯವರ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಅದರಲ್ಲಿ ಚಕ್ರದ ಟ್ರಾಲಿಯೇ ಎರಡು ಕಿಲೋ ನುಂಗಿಬಿಡುತ್ತದೆ. ಜಾಣರಿಗೆ ಉಪಾಯ ಗೊತ್ತು: ಭಾರದ ಶೂ ಕಾಲಿಗೆ, ಸ್ವೆಟರ್ ಮೈಗೆ, ಚಾರ್ಜರು ಜೇಬಿಗೆ. ತಕ್ಕಡಿ ತೂಗುವುದು ಚೀಲವನ್ನು, ಮನುಷ್ಯನನ್ನಲ್ಲವಲ್ಲ! ಮೇ ತಿಂಗಳ ಸೆಕೆಯಲ್ಲಿ ಅಂಗಿಯ ಮೇಲೆ ಅಂಗಿ, ಅದರ ಮೇಲೆ ಕೋಟು ತೊಟ್ಟು ಬೆವರುತ್ತಾ ನಿಂತವರನ್ನು ಕಂಡರೆ ಜ್ವರವೆಂದು ಗಾಬರಿಯಾಗಬೇಡಿ, ಅದು ಮಿತವ್ಯಯ.

ವಿದೇಶಕ್ಕಾದರೆ ಕೈಚೀಲದ ದ್ರವಪದಾರ್ಥಕ್ಕೆ ಡಬ್ಬಿಯೊಂದಕ್ಕೆ 100 ಮಿಲಿ ಲೆಕ್ಕ. ಆ ಲೆಕ್ಕದಲ್ಲಿ ತುಪ್ಪ ಒಯ್ದರೆ ಎರಡು ಹೋಳಿಗೆಗೂ ಸಾಲದು.

ನಿಯಮಗಳನ್ನಾದರೂ ಪಾಲಿಸಬಹುದು, ಬಾಗಿಲಲ್ಲಿ ನಿಂತ ಹಿರಿಯರನ್ನು ದಾಟುವುದು ಕಷ್ಟ. "ಇದೇನು ಮಹಾ ಭಾರ?" ಎನ್ನುತ್ತಾ ಚಕ್ಕುಲಿ ಡಬ್ಬಿ ತುರುಕುತ್ತಾರೆ. ಇನ್ನು ಒಣ ಕೊಬ್ಬರಿ, ಎಣ್ಣೆ ಹೆಚ್ಚಿರುವ, ಬೇಗ ಹೊತ್ತಿಕೊಳ್ಳುವ ಸರಕೆಂದು ವಿಮಾನಕ್ಕೇ ವರ್ಜ್ಯ. ಇದನ್ನು ತಿಪಟೂರಿನ ಅತ್ತೆಗೆ ಹೇಳುವ ಧೈರ್ಯ ಯಾವ ಅಳಿಯನಿಗಿದೆ? ಹೇಳಿದನೆನ್ನಿ, ಅವರೇನು ಸುಮ್ಮನಿರುತ್ತಾರೆಯೇ, ತುರಿದು ಮಿಠಾಯಿ ಮಾಡಿ ಕೊಡುತ್ತಾರೆ. ಬರೀ ಎರಡೇ ಕಿಲೋ.