ಇಳಿಯಬೇಕಾದ ಕಾರು, ಏರಬೇಕಾದ ಸದ್ದು

ಬೆಂಗಳೂರಿನ ಜೆ.ಸಿ. ರಸ್ತೆ. ಟೆಕ್ಕಿಯೊಬ್ಬ ಹಳೇ ಸ್ವಿಫ್ಟ್ ತಂದು ನಿಲ್ಲಿಸಿದ. “ಕಾರು 40 ಮಿ.ಮೀ. ಇಳೀಬೇಕು, ಸದ್ದು ಏರಬೇಕು.”

“ನೆಲದಿಂದ ಈಗಿರೋದೇ 170. ಮನೇಲೆಷ್ಟು ಜನ?” ಮೆಕ್ಯಾನಿಕ್ ಕೇಳಿದ.

“ಐದು, ಅಜ್ಜಿ ಸೇರಿ.”

“ಎಲ್ಲ ಕೂತರೆ ಇನ್ನೂ ಕುಸಿಯುತ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪುಸ್ತಕದ ಪ್ರಕಾರ ರಸ್ತೆ ಹಂಪಿನ ಎತ್ತರ 100 ಮಿ.ಮೀ. ನಮ್ಮ ಬಡಾವಣೆಯವರು ಆ ಪುಸ್ತಕ ಓದಿಲ್ಲ. ಪ್ರತಿ ಹಂಪಿಗೂ ಅಜ್ಜಿ ಇಳಿದು ನಡೀತಾರಾ?”

“ಸೈಲೆನ್ಸರ್?”

ಹಿಂದಿನ ಮಫ್ಲರ್ ಒಂದನ್ನೇ ಬದಲಿಸಿದರೆ ಶಕ್ತಿ ಹೆಚ್ಚುವುದು ನಾಮಮಾತ್ರ. ನಿಜಕ್ಕೂ ಏರುವುದು ನೆರೆಯವರ ರಕ್ತದೊತ್ತಡ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ಕಿನಲ್ಲಿ ನಿಂತೇ ಇರುವ ಕಾರಿಗೆ ಹೆಚ್ಚುವರಿ ಅಶ್ವಶಕ್ತಿ ಯಾಕೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಅಕ್ರಮ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡವಿದೆ, ಸದ್ದಿಗೆ 10,000ದವರೆಗೆ.

“ಮತ್ತೇನು ಹಾಕಿಸಲಿ?”

“ಸವೆದ ಡ್ಯಾಂಪರ್, ಬುಷ್ ಬದಲಿಸಿ.”

“ಅದು ಹೊರಗೆ ಕಾಣಲ್ವಲ್ಲ!”

“‘ಸ್ಪೋರ್ಟ್’ ಅನ್ನೋ ಸ್ಟಿಕ್ಕರ್ ಇದೆ. ಇನ್ನೂರು ರೂಪಾಯಿ.”

ಟೆಕ್ಕಿ ಎರಡು ಕೊಂಡ.