ನೆನೆಯದ ಕಾಳಿನ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಆಗಲಿ, ಅನುಬಂಧ ಚತುಷ್ಟಯದಿಂದಲೇ ಶುರುವಾಗಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಅದರಂತೆ ಈ ಗ್ರಂಥದ ವಿಷಯ, ಒಣಕಾಳು. ಪ್ರಯೋಜನ, ರಾತ್ರಿಯ ಊಟ. ಸಂಬಂಧ, ಕಾಳಿಗೂ ನೀರಿಗೂ ಎಂಟು ಗಂಟೆ ಮುಂಚಿತವಾಗಿ ಏರ್ಪಡಬೇಕಾದದ್ದು. ಇನ್ನು ಅಧಿಕಾರಿ ಯಾರು? ದೀಪ ಆರಿಸಿ, ಹೊದಿಕೆ ಎಳೆದುಕೊಂಡ ಮೇಲೂ ‘ಅಯ್ಯೋ, ಕಡಲೆ ನೆನೆಹಾಕಲಿಲ್ಲ’ ಎಂದು ಎದ್ದು ಕತ್ತಲಲ್ಲೇ ಅಡುಗೆಮನೆಗೆ ನಡೆಯಬಲ್ಲವರು. ಇಂಥ ವೈರಾಗ್ಯಶಾಲಿಗಳು ಮನೆಗೊಬ್ಬರೇ ಇರುತ್ತಾರೆ. ಮಿಕ್ಕವರು ಬೆಳಿಗ್ಗೆ ಎದ್ದು ‘ಇವತ್ತು ಏನು ಸಾರು?’ ಎಂದು ಕೇಳುವ ಬರೀ ಜಿಜ್ಞಾಸುಗಳು.

ಮೊದಲು ಚರಿತ್ರೆ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದಲೇ ಬೆಂಗಳೂರಿಗೆ ಆ ಹೆಸರು ಎಂಬ ಕಥೆ ಎಲ್ಲರಿಗೂ ಗೊತ್ತು. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲೇ ಬೆಂಗಳೂರಿನ ಕಾಳಗದ ಮಾತಿದೆ. ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಕಾಲಗಣನೆ ಸರಿಯೇ. ಆದರೆ ಆ ಕಾಳು ನೆನೆದಿತ್ತೋ ಇಲ್ಲವೋ ಎಂಬ ಮೂಲಭೂತ ಪ್ರಶ್ನೆಯನ್ನು ಈ ವಿದ್ವಾಂಸರು ಎತ್ತಿದಂತೆ ಕಾಣುವುದಿಲ್ಲ. ರಾಜ ಹೇಳಿಕೇಳಿ ಬಂದವನಲ್ಲ. ಹಾಗಾದರೆ ಮೂರು ಪಕ್ಷಗಳು ಸಾಧ್ಯ. ಒಂದು, ಕಾಳು ಹಸಿ ಅವರೆಯದು, ನೆನೆಸುವ ಪ್ರಶ್ನೆಯೇ ಇಲ್ಲ. ಆಗ ಘಟನೆ ನಡೆದದ್ದು ಸೊಗಡು ಬಿದ್ದ ಮಾರ್ಗಶಿರ-ಪುಷ್ಯದ ಚಳಿಯಲ್ಲಿ ಎಂದಾಗುತ್ತದೆ. ಎರಡು, ಅಜ್ಜಿ ಬೆಳಿಗ್ಗೆಯೇ ಮನೆಯವರಿಗೆಂದು ನೆನೆಸಿಟ್ಟಿದ್ದಳು. ಆಗ ರಾಜ ಉಂಡದ್ದು ಇನ್ಯಾರದೋ ಪಾಲಿನ ಊಟ, ಅಂದು ಹಸಿದು ಮಲಗಿದವರ ಹೆಸರಿನಲ್ಲಿ ಮಾತ್ರ ಯಾವ ಊರೂ ಇಲ್ಲ. ಮೂರು, ಕಾಳು ನೆನೆದಿರಲಿಲ್ಲ, ರಾಜ ಕಾದ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಆ ನೆಲದಲ್ಲಿ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿದುಬಿಡುವುದರಿಂದ ತುಂಬಾ ಹೊತ್ತು ಕಾದ. ನಮ್ಮದು ಮೂರನೆಯ ಪಕ್ಷ. ಕಾದೂ ಕಾದೂ ಸಿಕ್ಕ ಊಟವನ್ನಷ್ಟೇ ಮನುಷ್ಯ ಮರೆಯುವುದಿಲ್ಲ.

ಇನ್ನು ಪ್ರಮಾಣ ವಿಚಾರ. ಬೆಂದಿದೆ ಎಂದು ತಿಳಿಯುವುದು ಹೇಗೆ? ಶಾಸ್ತ್ರಕಾರರು ಸ್ಥಾಲೀಪುಲಾಕ ನ್ಯಾಯವನ್ನು ಮುಂದಿಡುತ್ತಾರೆ. ಪಾತ್ರೆಯ ಒಂದು ಅಗುಳನ್ನು ಹಿಸುಕಿ ನೋಡಿದರೆ ಅನ್ನವೆಲ್ಲ ಬೆಂದಿದೆಯೆಂದು ಸಿದ್ಧಿಸುತ್ತದಂತೆ. ಅವರು ಬರೀ ಅನ್ನ ಉಂಡವರು. ಕಡಲೆಯ ಪಾತ್ರೆಗೆ ಸೌಟು ಹಾಕಿ ಹತ್ತು ಕಾಳು ತಟ್ಟೆಗೆ ಬಿಟ್ಟು ನೋಡಿ: ನಾಲ್ಕು ಸಿಪ್ಪೆ ಬಿಚ್ಚಿ ಹಿಟ್ಟಾಗಿವೆ, ಐದು ಹದವಾಗಿವೆ, ಹತ್ತನೆಯದು ಹಲ್ಲಿಗೆ ಸಿಕ್ಕಿದೊಡನೆ ‘ಕಟ್’ ಎನ್ನುತ್ತದೆ. ಈ ಹತ್ತನೆಯ ಕಾಳನ್ನು ಗಂಭೀರವಾಗಿ ಪರಿಗಣಿಸಿದವರು ಜೈನ ದಾರ್ಶನಿಕರು ಮಾತ್ರ. ಜೀವಗಳ ಶುದ್ಧಿ-ಅಶುದ್ಧಿಯನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಬೇಯುವ ಶಕ್ತಿ, ಬೇಯದ ಶಕ್ತಿಗಳ ದೃಷ್ಟಾಂತ ಕೊಟ್ಟು, ಸ್ವಭಾವ ಎಂಬುದು ತರ್ಕಕ್ಕೆ ಸಿಗುವ ವಸ್ತುವಲ್ಲ ಎಂದುಬಿಟ್ಟರು. ಆಚಾರ್ಯರ ಮನೆಯಲ್ಲೂ ಯಾರೋ ಹಳೇ ಕಾಳು ತಂದಿದ್ದರೆಂದು ನಮ್ಮ ಊಹೆ.

ಏಕೆಂದರೆ ದೋಷ ಬಹುಮಟ್ಟಿಗೆ ಡಬ್ಬಿಯದು. ಸೆಕೆ-ತೇವದಲ್ಲಿ ತಿಂಗಳುಗಟ್ಟಲೆ ಕೂತ ಕಾಳು ಒಳಗೊಳಗೇ ಬಿಗಿಯುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅಷ್ಟೇ. ಎರಡನೆಯ ಆರೋಪಿ ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕಾಳಿನ ಕೋಶಗಳನ್ನು ಅಂಟಿಸಿಟ್ಟ ಪೆಕ್ಟಿನ್ನನ್ನು ಇನ್ನಷ್ಟು ಭದ್ರಪಡಿಸುತ್ತವೆ. ಒಂದು ಚಿಟಿಕೆ ಅಡುಗೆ ಸೋಡಾ ಆ ಬಿಗಿಯನ್ನು ಸಡಿಲಿಸುತ್ತದೆ. ಚಿಟಿಕೆ ದೊಡ್ಡದಾದರೆ ಸಾರಿಗೆ ಸಾಬೂನಿನ ವಾಸನೆ ಬರುತ್ತದೆ, ಬಿ-1 ಜೀವಸತ್ವವೂ ಹೋಗುತ್ತದೆ. ಇಲ್ಲಿ ಒಂದು ಪೂರ್ವಪಕ್ಷವಿದೆ: ಮೊದಲೇ ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂದು. ಇದು ಅಜ್ಜಿಯಂದಿರಿಂದ ಬಂದ ಆಪ್ತವಾಕ್ಯವಾದ್ದರಿಂದ ಖಂಡಿಸುವಾಗ ಕೈ ನಡುಗುತ್ತದೆ. ಆದರೂ ಹೇಳಲೇಬೇಕು: ನೆನೆಸುವ ನೀರಿಗೆ ಹಾಕಿದ ಉಪ್ಪು ಆ ಕ್ಯಾಲ್ಸಿಯಮ್ಮನ್ನು ಸರಿಸಿ ಸಿಪ್ಪೆಯನ್ನು ಮೆದುವಾಗಿಸುತ್ತದೆ. ಉಪ್ಪು ನಿರಪರಾಧಿ. ನಿಜವಾದ ಅಪರಾಧಿ ಹುಣಸೆಹುಳಿ. ಹುಳಿ ಬಿದ್ದ ಕಾಳು ಇದ್ದಲ್ಲೇ ನಿಂತುಬಿಡುತ್ತದೆ. ಅಜ್ಜಿಯಂದಿರು ಹುಳಿಯನ್ನು ಕೊನೆಗೆ ಹಾಕುತ್ತಿದ್ದರು, ಬೈಗುಳವನ್ನು ಮಾತ್ರ ಉಪ್ಪಿಗೆ ಮೀಸಲಿಟ್ಟಿದ್ದರು.

ಕಾಲಮಾನಕ್ಕೆ ಬಂದರೆ, ಘಳಿಗೆ-ವಿಘಳಿಗೆಗಳು ಅಳಿದು ಈಗ ಉಳಿದಿರುವುದು ‘ಕೂಗು’ ಒಂದೇ. ದೆನಿ ಪಾಪ್ಯಾಂ ಎಂಬ ಫ್ರೆಂಚ್ ಮಹಾಶಯ 1679ರಲ್ಲಿ ಎಲುಬನ್ನು ಮೆತ್ತಗಾಗಿಸಲು ಬಿಗಿಮುಚ್ಚಳದ ಪಾತ್ರೆ ಮಾಡಿ, ಅದು ಸಿಡಿಯದಿರಲೆಂದು ಆವಿ ಬಿಡುವ ಕವಾಟ ಕೂರಿಸಿದ. ಒಳಗೆ 120 ಡಿಗ್ರಿ ಮುಟ್ಟುವ ಇಂದಿನ ಕುಕ್ಕರು ಆ ವಂಶದ್ದು. ಕವಾಟದ ಸದ್ದನ್ನು ಎಣಿಸುವ ಪದ್ಧತಿ ಅವನಿಗೆ ಹೊಳೆದಿತ್ತೆಂದು ನಾವು ನಂಬುವುದಿಲ್ಲ. ‘ಮೂರು ಕೂಗು ಕೂಗಿಸಿ ಆಫ್ ಮಾಡು’ ಎನ್ನುತ್ತಾರೆ ಅತ್ತೆ. ‘ನಮ್ಮಮ್ಮ ಐದು ಕೂಗಿಸ್ತಾರೆ’ ಎನ್ನುತ್ತಾಳೆ ಸೊಸೆ. ಇಬ್ಬರದೂ ಸರಿ, ಕೂಗು ಎಂಬುದು ಉರಿ, ನೀರು, ಗ್ಯಾಸ್ಕೆಟ್ಟಿನ ವಯಸ್ಸು ಇವುಗಳಿಗೆ ತಕ್ಕಂತೆ ಬದಲಾಗುವ ಮಾನ. ಆದರೆ ಇದು ನಿಮ್ಮ ಮನೆಯಲ್ಲಿ ಹೇಳುವ ಮಾತಲ್ಲ.

ತತ್ತ್ವದಲ್ಲಿ ಹುರುಳಿಗೆ ಸಮ ಬೇರೊಂದಿಲ್ಲ. ಬೆಂದ ಹುರುಳಿಯ ಪಾತ್ರೆಗೆ ತಟ್ಟೆ ಮುಚ್ಚಿ, ಎರಡೂ ಕಡೆ ಮಸಿಬಟ್ಟೆ ಹಿಡಿದು ಬಗ್ಗಿಸಿದರೆ, ಸಂದಿಯಿಂದ ಕಂದುಬಣ್ಣದ ಕಟ್ಟು ಇಳಿಯುತ್ತದೆ. ಕಾಳು ಪಲ್ಯ, ಕಟ್ಟು ಸಾರು. ಅಲ್ಲಿಗೆ ದ್ವೈತ. ಆದರೆ ಬಸ್ಸಾರು ಬಲ್ಲವರು ಬಸಿದ ಕಾಳಲ್ಲೇ ಒಂದು ಹಿಡಿ ತೆಗೆದು ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿತುರಿಯ ಜೊತೆ ರುಬ್ಬಿ ಮತ್ತೆ ಕಟ್ಟಿಗೇ ಸೇರಿಸುತ್ತಾರೆ. ಬೇರೆಯೂ ಹೌದು, ಒಂದೂ ಹೌದು: ಶುದ್ಧ ವಿಶಿಷ್ಟಾದ್ವೈತ. ರಾಮಾನುಜರು ನೆಲೆಸಿದ್ದ ಮೇಲುಕೋಟೆ ಬಸ್ಸಾರಿನ ಮಂಡ್ಯ ಸೀಮೆಯಲ್ಲೇ ಇರುವುದನ್ನು ಕಾಕತಾಳೀಯವೆಂದು ತಳ್ಳಿಹಾಕುವವರು ಮೊದಲು ಮುದ್ದೆ ಮುರಿದು ಅದರಲ್ಲಿ ಅದ್ದಿ ನುಂಗಿ, ಆಮೇಲೆ ವಾದಕ್ಕೆ ಬರಲಿ.

ವಾಯು ಪ್ರಕರಣವನ್ನು ಸಂಕ್ಷೇಪಿಸುತ್ತೇವೆ. ಕಾಳಿನ ರಾಫಿನೋಸ್ ಎಂಬ ಸಕ್ಕರೆಯನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಲ್ಲಿಲ್ಲ. ಒಡೆಯುವ ಕೆಲಸ ಅಲ್ಲಿನ ಸೂಕ್ಷ್ಮಜೀವಿಗಳದು, ಹೊಣೆ ಪಕ್ಕದಲ್ಲಿ ಕೂತವರದು. ನೆನೆಸಿದ ನೀರು ಚೆಲ್ಲಿದರೆ ಒಂದಿಷ್ಟು ಕಡಿಮೆಯಾಗುತ್ತದೆ.

ಕೊನೆಗೆ ಪ್ರಾಯಶ್ಚಿತ್ತ ಪ್ರಕರಣ, ನೆನೆಹಾಕಲು ಮರೆತವರಿಗೆ. ಲಘು ಪ್ರಾಯಶ್ಚಿತ್ತ: ಕಾಳನ್ನು ಎರಡು ನಿಮಿಷ ಕುದಿಸಿ, ಮುಚ್ಚಿ, ಒಂದು ಗಂಟೆ ಬಿಡುವುದು. ಮಧ್ಯಮ: ಹೆಸರುಕಾಳಿಗೆ ಶರಣಾಗುವುದು, ಅದು ನೆನೆಸದಿದ್ದರೂ ಕೋಪಿಸಿಕೊಳ್ಳುವುದಿಲ್ಲ. ರಾಜ್ಮಾ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಅರೆಬೆಂದದ್ದು ಹೊಟ್ಟೆ ಕೆಡಿಸುತ್ತದೆ. ನೆನೆಸಿ, ನೀರು ಚೆಲ್ಲಿ, ಕೊತಕೊತ ಕುದಿಸಲೇಬೇಕು. ಮಹಾಪ್ರಾಯಶ್ಚಿತ್ತವೆಂದರೆ ಪಕ್ಕದ ಮನೆಯಿಂದ ನೆನೆದ ಕಾಳನ್ನು ಕೇಳಿ ತರುವುದು. ಅವರು ಇವತ್ತು ಕಾಳು ನೆನೆಹಾಕಿದ್ದಾರೆಂದು ನಮಗೆ ಗೊತ್ತಾಗಬೇಕಲ್ಲ? ಕುಕ್ಕರು ಕೂಗಿ, ಗೋಡೆಯಾಚೆಯಿಂದ ಹುರುಳಿಯ ಘಮ ಬಂದಾಗ ಗೊತ್ತಾಗುತ್ತದೆ. ಆದರೆ ಕೂಗು ಕೇಳಿಸಿದ ಮೇಲೆ ಅಲ್ಲಿ ನೆನೆದ ಕಾಳು ಎಂಬ ಪದಾರ್ಥವೇ ಉಳಿದಿರುವುದಿಲ್ಲ. ಈ ತೊಡಕಿಗೆ ತಾರ್ಕಿಕ ಪರಿಹಾರ ಕಾಣದ ಕಾರಣ, ಬಟ್ಟಲು ಇಟ್ಟು ದೊಡ್ಡ ಪಾತ್ರೆ ಹಿಡಿದು ಹೋಗುವುದೇ ಉತ್ತಮವೆಂದೂ, ‘ಸ್ವಲ್ಪ ಕಟ್ಟು ಇದ್ರೆ ಕೊಡಿ ಅಕ್ಕ’ ಎಂದಷ್ಟೇ ಕೇಳಬೇಕೆಂದೂ, ಪಲ್ಯವನ್ನು ಅವರಾಗಿಯೇ ಹಾಕಿಕೊಡುವವರೆಗೆ ಬಾಗಿಲಲ್ಲೇ ನಿಂತು ಅವರ ಮಗನ ಪರೀಕ್ಷೆಯ ವಿಷಯ ಮಾತಾಡುತ್ತಿರಬೇಕೆಂದೂ ವಿಧಿಸಲಾಗಿದೆ.